ಕರ್ನಾಟಕದಲ್ಲಿ ಜೀವವಿಜ್ಞಾನ ಮತ್ತು ಕಲೆ

ಜೀವವಿಜ್ಞಾನ ಮತ್ತು ಕಲೆ ಎಂಬ ಶೀರ್ಷಿಕೆಯಡಿ ಬರುವ ಕೃತಿಗಳಲ್ಲಿ ಕಲಾವಿದರು ವಿಜ್ಞಾನದ ವಿಧಾನ, ಉಪಕರಣ ಮತ್ತು ತಿಳಿವಳಿಕೆಯನ್ನು ಬಳಸಿಕೊಂಡು ಸಸ್ಯ, ಪ್ರಾಣಿ, ಸೂಕ್ಷ್ಮಜೀವಿಗಳನ್ನೂ ಅವುಗಳ ನೆಲೆಗಳನ್ನೂ ಅರಿಯಲು ಯತ್ನಿಸುತ್ತಾರೆ. ಕರ್ನಾಟಕದಲ್ಲಿ ಇದಕ್ಕೆ ಕನಿಷ್ಠ ಒಂದೂಮುಕ್ಕಾಲು ಶತಮಾನದ ದಾಖಲಿತ ಇತಿಹಾಸವಿದೆ. 1845ರಿಂದ ಶಿವಮೊಗ್ಗದಲ್ಲಿ ರಚಿತವಾದ ಸಸ್ಯಚಿತ್ರಗಳು, ಲಾಲ್‌ಬಾಗ್ ತೋಟದ ಚಿತ್ರಸಂಗ್ರಹ, ಬಿ. ಜಿ. ಎಲ್. ಸ್ವಾಮಿ ಮತ್ತು ಪೂರ್ಣಚಂದ್ರ ತೇಜಸ್ವಿಯವರ ಬರೆಹ, ವನ್ಯಜೀವಿ ಛಾಯಾಗ್ರಹಣ, ಬೆಂಗಳೂರಿನ ಪ್ರಯೋಗಾಲಯಗಳಲ್ಲಿ ಬೆಳೆದ ಜೈವಿಕ ಕಲೆ ಇವು ಈ ಇತಿಹಾಸದ ಮುಖ್ಯ ಘಟ್ಟಗಳು. ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ತಾಲ್ಲೂಕಿನ ದೊಡ್ಡಉಳ್ಳಾರ್ತಿ ಸುತ್ತಲಿನ ಹುಲ್ಲುಗಾವಲಿನಂತಹ, ಇನ್ನೂ ಸಾಕಷ್ಟು ಚಿತ್ರಿತವಾಗದ ನೆಲೆಗಳು ಈ ಕ್ಷೇತ್ರದ ಮುಂದಿರುವ ಪ್ರಶ್ನೆಗಳನ್ನು ಸ್ಪಷ್ಟಪಡಿಸುತ್ತವೆ.

ಪರಿಕಲ್ಪನೆ

ಪ್ರಕೃತಿಯನ್ನು ಚಿತ್ರಿಸುವ ಎಲ್ಲ ಕಲೆಯೂ ವೈಜ್ಞಾನಿಕವಲ್ಲ. ಮೊಳಕಾಲ್ಮುರಿನ ರೇಷ್ಮೆ ಸೀರೆಯನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಭೌಗೋಳಿಕ ಸೂಚಕ ಮಾನ್ಯತೆ ಪಡೆದಿರುವ ಈ ಸೀರೆಗಳ ಬುಟ್ಟಾಗಳಲ್ಲಿ ಹೂವು, ಹಣ್ಣು, ಪ್ರಾಣಿಗಳ ಆಕೃತಿಗಳಿರುತ್ತವೆ. ನೇಕಾರನು ಹೂವನ್ನು ಎಳೆಗಳ ಲೆಕ್ಕಕ್ಕೆ ಒಗ್ಗಿಸಿ, ಮತ್ತೆ ಮತ್ತೆ ನೇಯಬಲ್ಲ ರೂಪಕ್ಕೆ ಇಳಿಸುತ್ತಾನೆ. ಆ ಹೂವು ಯಾವ ಜಾತಿಯದೆಂದು ಸೀರೆಯನ್ನು ನೋಡಿ ಹೇಳುವುದು ಸಾಧ್ಯವಿಲ್ಲ, ಹೇಳಬೇಕಾದ ಅಗತ್ಯವೂ ಇಲ್ಲ. ಅಲಂಕಾರದ ಗುರಿಯೇ ಬೇರೆ.

ವೈಜ್ಞಾನಿಕ ಚಿತ್ರವು ಇದಕ್ಕೆ ವಿರುದ್ಧ ದಿಕ್ಕಿನಲ್ಲಿ ಸಾಗುತ್ತದೆ. ಒಂದು ಜಾತಿಯನ್ನು ಅದರ ಹತ್ತಿರದ ಸಂಬಂಧಿಯಿಂದ ಬೇರ್ಪಡಿಸುವ ಲಕ್ಷಣ ಯಾವುದೋ ಅದನ್ನು ಚಿತ್ರಕಾರನು ಬಿಡುವಂತಿಲ್ಲ. ಕೇಸರಗಳ ಸಂಖ್ಯೆ, ಎಲೆಗಳ ಜೋಡಣೆ, ಅಂಡಾಶಯದ ಸ್ಥಾನ ಮುಂತಾದವುಗಳಲ್ಲಿ ತಪ್ಪಿದರೆ ಚಿತ್ರ ಎಷ್ಟೇ ಸುಂದರವಾಗಿದ್ದರೂ ಉಪಯೋಗಕ್ಕೆ ಬರುವುದಿಲ್ಲ. ಇವೆರಡರ ಜೊತೆಗೆ ಮೂರನೆಯದೊಂದು ಬಗೆಯೂ ಇದೆ. ಅಲ್ಲಿ ಕಲಾವಿದರು ವಿಜ್ಞಾನಕ್ಕೆ ಚಿತ್ರ ಒದಗಿಸುವುದಕ್ಕೆ ನಿಲ್ಲದೆ, ವಿಜ್ಞಾನದ ಸಾಧನಗಳಿಂದಲೇ ತಮ್ಮ ಪ್ರಶ್ನೆಗಳನ್ನು ಎತ್ತುತ್ತಾರೆ. ಈ ಲೇಖನವು ಮುಖ್ಯವಾಗಿ ಕೊನೆಯ ಎರಡು ಬಗೆಗಳನ್ನು ಕುರಿತದ್ದು.

ಜಾಗತಿಕ ಹಿನ್ನೆಲೆ

ಮೊಘಲ್ ದೊರೆ ಜಹಾಂಗೀರನ ಆಸ್ಥಾನದಲ್ಲಿದ್ದ ಉಸ್ತಾದ್ ಮನ್ಸೂರ್ ಹಕ್ಕಿಗಳನ್ನೂ ಸಸ್ಯಗಳನ್ನೂ ಎದುರಿಗಿಟ್ಟುಕೊಂಡು ಚಿತ್ರಿಸಿದನು. ಜರ್ಮನಿಯಲ್ಲಿ ಹುಟ್ಟಿದ ಮರಿಯಾ ಸಿಬಿಲ್ಲಾ ಮೆರಿಯನ್ 1699ರಲ್ಲಿ ದಕ್ಷಿಣ ಅಮೆರಿಕದ ಸುರಿನಾಮಿಗೆ ಹೋಗಿ, ಕೀಟಗಳು ಮೊಟ್ಟೆಯಿಂದ ಪ್ರೌಢಾವಸ್ಥೆಯವರೆಗೆ ಮಾರ್ಪಡುವುದನ್ನು ಅವು ತಿನ್ನುವ ಗಿಡಗಳೊಡನೆ ಒಂದೇ ಹಾಳೆಯಲ್ಲಿ ಚಿತ್ರಿಸಿದಳು. ಈ ಚಿತ್ರಗಳ ಗ್ರಂಥ 1705ರಲ್ಲಿ ಪ್ರಕಟವಾಯಿತು. ಇಂಗ್ಲೆಂಡಿನ ಅನ್ನಾ ಅಟ್ಕಿನ್ಸ್ 1843ರಲ್ಲಿ ಪಾಚಿಗಳ ನೆರಳಚ್ಚುಗಳನ್ನು ಸಯನೋಟೈಪ್ ವಿಧಾನದಲ್ಲಿ ತೆಗೆದು ಪುಸ್ತಕರೂಪದಲ್ಲಿ ಹೊರತರಲಾರಂಭಿಸಿದಳು.

ದಕ್ಷಿಣ ಭಾರತದಲ್ಲಿ 'ಹೊರ್ತುಸ್ ಮಲಬಾರಿಕುಸ್' ಪ್ರಮುಖ ಮೈಲಿಗಲ್ಲು. ಕೊಚ್ಚಿಯ ಡಚ್ ಅಧಿಕಾರಿ ಹೆಂಡ್ರಿಕ್ ವಾನ್ ರೀಡ್ ಮಾಡಿಸಿದ ಈ ಗ್ರಂಥವು 1678ರಿಂದ 1693ರ ಅವಧಿಯಲ್ಲಿ 12 ಸಂಪುಟಗಳಲ್ಲಿ ಪ್ರಕಟವಾಯಿತು. ಇದಕ್ಕೆ ಮಾಹಿತಿ ಒದಗಿಸಿದವರಲ್ಲಿ ಇಟ್ಟಿ ಅಚ್ಯುತನ್ ಎಂಬ ವೈದ್ಯನೂ, ರಂಗ ಭಟ್ಟ, ವಿನಾಯಕ ಪಂಡಿತ, ಅಪ್ಪು ಭಟ್ಟ ಎಂಬ ಕೊಂಕಣಿ ವೈದ್ಯರೂ ಇದ್ದರು. ಲಿನೇಯಸ್ ಹೆಸರಿಸಿದ ಹಲವು ಸಸ್ಯಗಳಿಗೆ ಈ ಗ್ರಂಥದ ಚಿತ್ರಗಳೇ ಇಂದಿಗೂ ಮೂಲಮಾದರಿಗಳಾಗಿವೆ. ಹಳೆಯ ಸಸ್ಯನಾಮವೊಂದಕ್ಕೆ ಒಣಗಿಸಿದ ಮಾದರಿ ಉಳಿದಿರದಿದ್ದರೆ ಚಿತ್ರವನ್ನೇ ಪ್ರಮಾಣವೆಂದು ಸ್ವೀಕರಿಸಲು ಸಸ್ಯನಾಮಕರಣದ ನಿಯಮಗಳಲ್ಲಿ ಅವಕಾಶವಿದೆ. ಚಿತ್ರಕಾರನ ಗೆರೆಗೆ ಪುರಾವೆಯ ಬೆಲೆ ಬರುವುದು ಹೀಗೆ.

ಸಸ್ಯಚಿತ್ರಕಲೆ

ಶಿವಮೊಗ್ಗದ ಚಿತ್ರಗಳು

ಈಸ್ಟ್ ಇಂಡಿಯಾ ಕಂಪನಿಯ ವೈದ್ಯನಾಗಿದ್ದ ಹ್ಯೂ ಕ್ಲೆಗಾರ್ನ್ (1820–1895) 1845ರಿಂದ 1847ರವರೆಗೆ ಮೈಸೂರು ಸಂಸ್ಥಾನದ ಶಿವಮೊಗ್ಗದಲ್ಲಿದ್ದನು. ದಿನಕ್ಕೊಂದು ಗಿಡವನ್ನು ಅಭ್ಯಸಿಸಬೇಕೆಂಬ ಸಲಹೆಯನ್ನು ಅನುಸರಿಸಿ, ಸುತ್ತಲಿನ ಸಸ್ಯಗಳನ್ನು ಚಿತ್ರಿಸಲು ಮರಾಠಿ ಚಿತ್ರಕಾರನೊಬ್ಬನನ್ನು ನೇಮಿಸಿಕೊಂಡನು. ಹೀಗೆ ರಚಿತವಾದ ಚಿತ್ರಗಳು ಈಗ ಸ್ಕಾಟ್ಲೆಂಡಿನ ಎಡಿನ್‌ಬರೋ ರಾಯಲ್ ಬಟಾನಿಕ್ ಗಾರ್ಡನ್‌ನಲ್ಲಿವೆ. ಸಂಗ್ರಹಕ್ಕೆ ಕ್ಲೆಗಾರ್ನ್‌ನ ಹೆಸರಿದೆ, ಚಿತ್ರಕಾರನ ಹೆಸರು ಮಾತ್ರ ದಾಖಲಾಗಲಿಲ್ಲ. ಕಂಪನಿ ಕಾಲದ ಹೆಚ್ಚಿನ ಭಾರತೀಯ ಸಸ್ಯಚಿತ್ರಕಾರರ ಸ್ಥಿತಿಯೂ ಇದೇ ಆಗಿತ್ತು.

ಲಾಲ್‌ಬಾಗ್

ಹೈದರ್ ಅಲಿ ಆರಂಭಿಸಿದ ಬೆಂಗಳೂರಿನ ಲಾಲ್‌ಬಾಗ್ 1856ರಲ್ಲಿ ಸರ್ಕಾರಿ ಸಸ್ಯೋದ್ಯಾನವಾಯಿತು. ಜಾನ್ ಕ್ಯಾಮರಾನ್ ಅದರ ಅಧೀಕ್ಷಕನಾಗಿದ್ದಾಗ, 19ನೇ ಶತಮಾನದ ಕೊನೆಯ ದಶಕಗಳಲ್ಲಿ, ಚೆಲುವಯ್ಯ ರಾಜು ಎಂಬ ಕಲಾವಿದರು ತೋಟದ ಸಸ್ಯಗಳನ್ನು ಜಲವರ್ಣದಲ್ಲಿ ಚಿತ್ರಿಸಿದರು. ಹೊರದೇಶಗಳಿಂದ ತರಿಸಿ ಒಗ್ಗಿಸುತ್ತಿದ್ದ ಹಣ್ಣು, ತರಕಾರಿ ಮತ್ತು ಅಲಂಕಾರ ಸಸ್ಯಗಳ ದಾಖಲೆಯಾಗಿಯೂ ಲಾಲ್‌ಬಾಗಿನ ಚಿತ್ರಸಂಗ್ರಹ ಮಹತ್ತ್ವದ್ದು. ಶಿವಮೊಗ್ಗದ ಚಿತ್ರಕಾರನಂತಲ್ಲದೆ ಇವರ ಹೆಸರು ಉಳಿದುಬಂದಿದೆ.

ವಿಧಾನ

ಸಸ್ಯಚಿತ್ರಕಾರರು ಸಾಮಾನ್ಯವಾಗಿ ಜೀವಂತ ಮಾದರಿಯಿಂದ ಕೆಲಸ ಆರಂಭಿಸುತ್ತಾರೆ. ಒಣಗಿಸಿ ಹಾಳೆಗೆ ಅಂಟಿಸಿದ ಗಿಡದಲ್ಲಿ ಬಣ್ಣ ಮಾಸುತ್ತದೆ, ಹೂವಿನ ದುಂಡುತನ ಚಪ್ಪಟೆಯಾಗುತ್ತದೆ. ಚಿತ್ರವು ಈ ನಷ್ಟವನ್ನು ತುಂಬಿಕೊಡುತ್ತದೆ. ಕೊಂಬೆಯನ್ನು ಅಳತೆಗೆ ಸರಿಯಾಗಿ ಬರೆದ ಮೇಲೆ, ಹೂವನ್ನು ಸೀಳಿ ಭೂತಗನ್ನಡಿಯಲ್ಲಿ ಅಥವಾ ಸೂಕ್ಷ್ಮದರ್ಶಕದಲ್ಲಿ ಒಳಭಾಗಗಳನ್ನು ನೋಡಿ, ಹಾಳೆಯ ಅಂಚಿನಲ್ಲಿ ಹಿಗ್ಗಿಸಿ ಬರೆಯಲಾಗುತ್ತದೆ.

ಒಂದೇ ಹಾಳೆಯಲ್ಲಿ ಮೊಗ್ಗು, ಹೂವು, ಕಾಯಿ, ಬೀಜ ಎಲ್ಲವೂ ಇರುವುದು ಇಂತಹ ಚಿತ್ರಗಳ ವಿಶೇಷ. ಕಾಡಿನಲ್ಲಿ ಇವು ಬೇರೆ ಬೇರೆ ಋತುಗಳಲ್ಲಿ ಕಾಣುವಂಥವು. ಹಾಗಾಗಿ ಚಿತ್ರದಲ್ಲಿರುವ ಗಿಡವನ್ನು ಯಾವ ದಿನವೂ ಯಾರೂ ಆ ರೂಪದಲ್ಲಿ ಕಂಡಿರುವುದಿಲ್ಲ. ಛಾಯಾಚಿತ್ರವು ಒಂದು ಗಿಡದ ಒಂದು ಕ್ಷಣವನ್ನು ತೋರಿಸಿದರೆ, ಸಸ್ಯಚಿತ್ರವು ಹಲವು ಗಿಡಗಳನ್ನು ನೋಡಿ ಆ ಜಾತಿಯ ಸಾಮಾನ್ಯ ಸ್ವರೂಪವನ್ನು ತೋರಿಸುತ್ತದೆ. ಕೀಟ ತಿಂದ ಎಲೆ, ಮುರಿದ ತುದಿ ಮುಂತಾದ ಆಕಸ್ಮಿಕಗಳನ್ನು ಬಿಡುವುದೂ, ಮುಖ್ಯ ಲಕ್ಷಣವನ್ನು ಎತ್ತಿ ತೋರಿಸುವುದೂ ಕಲಾವಿದರ ತೀರ್ಮಾನಗಳು. ಕ್ಯಾಮೆರಾ ಬಂದ ನಂತರವೂ ಸಸ್ಯಶಾಸ್ತ್ರಜ್ಞರು ರೇಖಾಚಿತ್ರವನ್ನು ಕೈಬಿಡದಿರಲು ಇದೇ ಕಾರಣ.

ಇಂದಿನ ಕಲಾವಿದರಲ್ಲಿ ಬೆಂಗಳೂರಿನ ನಿರುಪಾ ರಾವ್ ಪಶ್ಚಿಮ ಘಟ್ಟದ ಸಸ್ಯಗಳ ಚಿತ್ರಗಳಿಗಾಗಿ ಹೆಸರಾಗಿದ್ದಾರೆ. ಘಟ್ಟದ ಮಹಾವೃಕ್ಷಗಳನ್ನು ಕುರಿತ 'ಪಿಲ್ಲರ್ಸ್ ಆಫ್ ಲೈಫ್' (2018) ಪುಸ್ತಕವನ್ನು ಪರಿಸರ ವಿಜ್ಞಾನಿಗಳಾದ ದಿವ್ಯಾ ಮುದ್ದಪ್ಪ ಮತ್ತು ಟಿ. ಆರ್. ಶಂಕರ್ ರಾಮನ್ ಅವರೊಂದಿಗೆ ಸಿದ್ಧಪಡಿಸಿದರು. ದಟ್ಟ ಮಳೆಕಾಡಿನಲ್ಲಿ ಬುಡದಿಂದ ತುದಿಯವರೆಗೆ ಇಡೀ ಮರ ಒಮ್ಮೆಲೇ ಕಣ್ಣಿಗೆ ಬೀಳುವುದು ಅಪರೂಪ. ಬಿಡಿಬಿಡಿಯಾಗಿ ಕಂಡದ್ದನ್ನು ಜೋಡಿಸಿ ಇಡೀ ಮರವನ್ನು ಹಾಳೆಯ ಮೇಲೆ ನಿಲ್ಲಿಸುವ ಕೆಲಸದಲ್ಲಿ ಚಿತ್ರಕಲೆ ಕ್ಯಾಮೆರಾಕ್ಕಿಂತ ಮುಂದಿದೆ.

ಕನ್ನಡ ಸಾಹಿತ್ಯದಲ್ಲಿ

ಬಿ. ಜಿ. ಎಲ್. ಸ್ವಾಮಿ (1918–1980) ಸಸ್ಯವಿಜ್ಞಾನಿಯೂ ಲೇಖಕರೂ ಆಗಿದ್ದರು. ಡಿ. ವಿ. ಗುಂಡಪ್ಪನವರ ಪುತ್ರರಾದ ಇವರು ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಇರ್ವಿಂಗ್ ಬೈಲಿಯವರೊಂದಿಗೆ ಸಂಶೋಧನೆ ನಡೆಸಿ, ನಂತರ ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಪ್ರಾಧ್ಯಾಪಕರೂ ಪ್ರಾಂಶುಪಾಲರೂ ಆದರು. ವಿದ್ಯಾರ್ಥಿಗಳೊಂದಿಗೆ ಕೈಗೊಂಡ ಸಸ್ಯಸಂಗ್ರಹ ಪ್ರವಾಸಗಳನ್ನು ಆಧರಿಸಿದ 'ಹಸುರು ಹೊನ್ನು' ಕೃತಿಗೆ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಲಭಿಸಿತು. ಈ ಪುಸ್ತಕದ ಸಸ್ಯಚಿತ್ರಗಳನ್ನು ಸ್ವಾಮಿಯವರೇ ಬರೆದರು. ಗಿಡದ ವೈಜ್ಞಾನಿಕ ವಿವರ, ಅದರ ದೇಶೀ ಹೆಸರು ಮತ್ತು ಉಪಯೋಗ, ಹಳೆಯ ಕಾವ್ಯಗಳಲ್ಲಿ ಅದರ ಉಲ್ಲೇಖ, ವಿದ್ಯಾರ್ಥಿಗಳ ತಮಾಷೆ ಇವೆಲ್ಲ ಅದರಲ್ಲಿ ಬೆರೆತಿವೆ. ಲೇಖಕ, ಚಿತ್ರಕಾರ, ವಿಜ್ಞಾನಿ ಮೂವರೂ ಒಬ್ಬರೇ ಆಗಿರುವ ಅಪರೂಪದ ನಿದರ್ಶನವಿದು.

ಕೆ. ಪಿ. ಪೂರ್ಣಚಂದ್ರ ತೇಜಸ್ವಿ (1938–2007) ಮೂಡಿಗೆರೆಯಲ್ಲಿ ಕೃಷಿ ಮಾಡುತ್ತ ಬರೆಹ, ಛಾಯಾಗ್ರಹಣ, ಚಿತ್ರಕಲೆಗಳಲ್ಲಿ ತೊಡಗಿದ್ದರು. 1980ರಲ್ಲಿ ಪ್ರಕಟವಾದ 'ಕರ್ವಾಲೊ' ಕಾದಂಬರಿಯಲ್ಲಿ ವಿಜ್ಞಾನಿಯೊಬ್ಬನು ಹಾರುವ ಓತಿಯೊಂದನ್ನು ಹುಡುಕಿ ಹೊರಡುತ್ತಾನೆ. ಕಾಡಿನ ಜೀವಿಗಳ ಬಗ್ಗೆ ಅವನಿಗೆ ದಾರಿ ತೋರಿಸುವವನು ಮಂದಣ್ಣನೆಂಬ ಹಳ್ಳಿಯ ಯುವಕ. ಪಶ್ಚಿಮ ಘಟ್ಟದಲ್ಲಿ ಪಕ್ಕೆಲುಬುಗಳ ಆಧಾರದ ಚರ್ಮವನ್ನು ರೆಕ್ಕೆಯಂತೆ ಹರಡಿ ಮರದಿಂದ ಮರಕ್ಕೆ ತೇಲುವ ಡ್ರೇಕೊ ಕುಲದ ಓತಿಗಳು ನಿಜವಾಗಿಯೂ ಇವೆ. ಔಪಚಾರಿಕ ಶಿಕ್ಷಣದಲ್ಲಿ ಹಿಂದುಳಿದವನ ಕಣ್ಣು ಕ್ಷೇತ್ರಕಾರ್ಯದಲ್ಲಿ ಮುಂದಿರಬಹುದೆಂಬ ಅರಿವು ಈ ಕಾದಂಬರಿಯ ತಿರುಳುಗಳಲ್ಲಿ ಒಂದು. 'ಕನ್ನಡ ನಾಡಿನ ಹಕ್ಕಿಗಳು', 'ಮಿಂಚುಳ್ಳಿ' ಮುಂತಾದ ಪುಸ್ತಕಗಳ ಮೂಲಕ ತೇಜಸ್ವಿಯವರು ಪಕ್ಷಿವೀಕ್ಷಣೆಯನ್ನು ಕನ್ನಡದ ಸಾಮಾನ್ಯ ಓದುಗರ ಬಳಿಗೆ ತಂದರು.

ಛಾಯಾಗ್ರಹಣ ಮತ್ತು ಚಲನಚಿತ್ರ

20ನೇ ಶತಮಾನದ ಉತ್ತರಾರ್ಧದಲ್ಲಿ ಎಂ. ವೈ. ಘೋರ್ಪಡೆ, ಇ. ಹನುಮಂತ ರಾವ್, ಟಿ. ಎನ್. ಎ. ಪೆರುಮಾಳ್ ಮೊದಲಾದವರಿಂದ ಕರ್ನಾಟಕದಲ್ಲಿ ವನ್ಯಜೀವಿ ಛಾಯಾಗ್ರಹಣ ಬೆಳೆಯಿತು. ಪ್ರಾಣಿ ಯಾವ ಹೊತ್ತಿನಲ್ಲಿ ಎಲ್ಲಿಗೆ ಬರುತ್ತದೆ, ಯಾವುದಕ್ಕೆ ಬೆದರುತ್ತದೆ ಎಂಬುದನ್ನು ತಿಳಿಯದೆ ಇಂತಹ ಚಿತ್ರ ತೆಗೆಯುವುದು ಅಸಾಧ್ಯವಾದ್ದರಿಂದ ಛಾಯಾಗ್ರಾಹಕರು ಪ್ರಾಣಿಗಳ ವರ್ತನೆಯನ್ನು ಅಭ್ಯಸಿಸಲೇಬೇಕಾಗುತ್ತದೆ.

ಮೈಸೂರಿನ ಕೃಪಾಕರ ಮತ್ತು ಸೇನಾನಿ ಜೋಡಿಯ ಕೆಲಸ ಇದಕ್ಕೆ ಉತ್ತಮ ನಿದರ್ಶನ. ಗುಂಪಿನಲ್ಲಿ ಬೇಟೆಯಾಡುವ ಸೀಳುನಾಯಿಯನ್ನು ಬಹುಕಾಲ ಕ್ರೂರ, ಹಾನಿಕಾರಕ ಪ್ರಾಣಿಯೆಂದೇ ಎಣಿಸಿ ಕೊಲ್ಲಲಾಗುತ್ತಿತ್ತು. 1970ರ ದಶಕದಲ್ಲಿ ಎ. ಜೆ. ಟಿ. ಜಾನ್‌ಸಿಂಗ್ ಬಂಡೀಪುರದಲ್ಲಿ ನಡೆಸಿದ ಅಧ್ಯಯನವು ಅದರ ಜೀವನಕ್ರಮವನ್ನು ವೈಜ್ಞಾನಿಕವಾಗಿ ತಿಳಿಸಿತು. ಕೃಪಾಕರ–ಸೇನಾನಿ ಹಲವು ವರ್ಷ ಸೀಳುನಾಯಿಗಳ ಗುಂಪುಗಳನ್ನು ಹಿಂಬಾಲಿಸಿ, ಅವು ಮರಿಗಳನ್ನು ಸಾಮೂಹಿಕವಾಗಿ ಸಾಕುವುದು, ಬೇಟೆಯನ್ನು ಹಂಚಿಕೊಳ್ಳುವುದು ಮುಂತಾದವನ್ನು ಚಿತ್ರೀಕರಿಸಿದರು. ಅವರ 'ದ ಪ್ಯಾಕ್' ಸಾಕ್ಷ್ಯಚಿತ್ರಕ್ಕೆ 2010ರಲ್ಲಿ 'ಗ್ರೀನ್ ಆಸ್ಕರ್' ಎಂದು ಕರೆಯಲಾಗುವ ವೈಲ್ಡ್‌ಸ್ಕ್ರೀನ್ ಪಾಂಡಾ ಪ್ರಶಸ್ತಿ ದೊರೆಯಿತು. 'ಕೆನ್ನಾಯಿಯ ಜಾಡಿನಲ್ಲಿ' ಇದೇ ಅನುಭವದ ಕನ್ನಡ ಪುಸ್ತಕ.

ಜೈವಿಕ ಕಲೆ

ಜೀವಂತ ಕೋಶ, ಸೂಕ್ಷ್ಮಜೀವಿ ಅಥವಾ ಅಂಗಾಂಶವನ್ನೇ ಮಾಧ್ಯಮವಾಗಿ ಬಳಸುವ ಕಲೆಯನ್ನು ಜೈವಿಕ ಕಲೆ ಅಥವಾ ಬಯೋಆರ್ಟ್ ಎನ್ನುತ್ತಾರೆ. 2000ದಲ್ಲಿ ಎಡ್ವಾರ್ಡೊ ಕಾಟ್ಸ್ ಎಂಬ ಕಲಾವಿದನು ಜೀನ್ ಮಾರ್ಪಡಿಸಿದ, ಹಸಿರಾಗಿ ಹೊಳೆಯುವ ಮೊಲವನ್ನು ತನ್ನ ಕಲಾಕೃತಿಯೆಂದು ಸಾರಿದ ಮೇಲೆ ಈ ಪ್ರಕಾರ ವ್ಯಾಪಕ ಚರ್ಚೆಗೆ ಒಳಗಾಯಿತು.

ಬೆಂಗಳೂರಿನಲ್ಲಿ ಸೃಷ್ಟಿ ಕಲಾ ಮತ್ತು ವಿನ್ಯಾಸ ಶಾಲೆಯ ವಿದ್ಯಾರ್ಥಿಗಳು ಕಲಾವಿದ ಯಶಸ್ ಶೆಟ್ಟಿ ಹಾಗೂ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ ವಿಜ್ಞಾನಿ ಮುಕುಂದ್ ತಟ್ಟೈ ಅವರ ಮಾರ್ಗದರ್ಶನದಲ್ಲಿ 'ಆರ್ಟ್‌ಸೈನ್ಸ್ ಬ್ಯಾಂಗಲೋರ್' ಎಂಬ ತಂಡವಾಗಿ 2009ರ ಐಜೆಮ್ ಸ್ಪರ್ಧೆಯಲ್ಲಿ ಭಾಗವಹಿಸಿದರು. ಐಜೆಮ್ ಎಂಬುದು ಸಂಶ್ಲೇಷಿತ ಜೀವವಿಜ್ಞಾನದ ಅಂತರರಾಷ್ಟ್ರೀಯ ವಿದ್ಯಾರ್ಥಿ ಸ್ಪರ್ಧೆ. ಎಂಜಿನಿಯರಿಂಗ್ ಮತ್ತು ಜೀವವಿಜ್ಞಾನ ವಿದ್ಯಾರ್ಥಿಗಳ ನಡುವೆ ಕಲಾ ವಿದ್ಯಾರ್ಥಿಗಳ ಈ ತಂಡವು ಇ. ಕೋಲಿ ಬ್ಯಾಕ್ಟೀರಿಯಾದಿಂದ ಮೊದಲ ಮಳೆಯ ಮಣ್ಣಿನ ವಾಸನೆ ಹೊಮ್ಮಿಸುವ ಯೋಜನೆಯನ್ನು ಕೈಗೆತ್ತಿಕೊಂಡಿತು.

ಈ ವಾಸನೆಗೆ ಮುಖ್ಯ ಕಾರಣ ಜಿಯೋಸ್ಮಿನ್ ಎಂಬ ರಾಸಾಯನಿಕ. ಮಣ್ಣಿನಲ್ಲಿರುವ ಸ್ಟ್ರೆಪ್ಟೊಮೈಸಿಸ್ ಕುಲದ ಬ್ಯಾಕ್ಟೀರಿಯಾಗಳು ಅದನ್ನು ತಯಾರಿಸುತ್ತವೆ. ಒಣನೆಲಕ್ಕೆ ಮಳೆಹನಿ ಬಿದ್ದಾಗ ಅದು ಗಾಳಿಗೆ ಸೇರುತ್ತದೆ. ಲಕ್ಷ ಕೋಟಿ ಭಾಗಗಳಲ್ಲಿ ಕೆಲವೇ ಭಾಗಗಳಷ್ಟಿದ್ದರೂ ಮನುಷ್ಯನ ಮೂಗು ಅದನ್ನು ಗುರುತಿಸಬಲ್ಲದು. ಬ್ಯಾಕ್ಟೀರಿಯಾಕ್ಕೆ ಇದರಿಂದೇನು ಲಾಭವೆಂಬುದಕ್ಕೆ 2020ರಲ್ಲಿ ಪ್ರಕಟವಾದ ಸಂಶೋಧನೆಯೊಂದು ಉತ್ತರ ಸೂಚಿಸಿತು. ಸ್ಪ್ರಿಂಗ್‌ಟೇಲ್ ಎಂಬ ಸಣ್ಣ ಜೀವಿಗಳು ಈ ವಾಸನೆಗೆ ಆಕರ್ಷಿತವಾಗಿ ಬಂದು ಬ್ಯಾಕ್ಟೀರಿಯಾವನ್ನು ತಿನ್ನುತ್ತವೆ, ಹಾಗೆಯೇ ಅದರ ಬೀಜಾಣುಗಳನ್ನು ಬೇರೆಡೆಗೆ ಸಾಗಿಸುತ್ತವೆ. ಮಳೆಯ ನೆನಪೆಂದು ಕಾವ್ಯದಲ್ಲಿ ಬಳಕೆಯಾಗುವ ವಾಸನೆಗೆ ಮಣ್ಣಿನ ಜೀವಿಗಳ ನಡುವಿನ ಕೊಡುಕೊಳೆಯೂ ಹಿನ್ನೆಲೆಯಾಗಿದೆ.

ಜೀನ್ ಮಾರ್ಪಾಡು ಉದ್ಯಮ ಮತ್ತು ಪ್ರಯೋಗಾಲಯಗಳ ವಿಷಯ ಮಾತ್ರವೇ, ಸಾಮಾನ್ಯ ಜನರಿಗೆ ಅದರಲ್ಲಿ ಪ್ರವೇಶವಿಲ್ಲವೇ ಎಂಬ ಪ್ರಶ್ನೆಯನ್ನೂ ಇಂತಹ ಯೋಜನೆಗಳು ಎತ್ತಿದವು.

ಸಂಸ್ಥೆಗಳು ಮತ್ತು ಪ್ರದರ್ಶನಗಳು

ಕರ್ನಾಟಕ ಸರ್ಕಾರದ ಬೆಂಬಲದಿಂದ ಸ್ಥಾಪಿತವಾದ ಸೈನ್ಸ್ ಗ್ಯಾಲರಿ ಬೆಂಗಳೂರು ಈ ಕ್ಷೇತ್ರದ ಪ್ರಮುಖ ಸಾರ್ವಜನಿಕ ಸಂಸ್ಥೆ. ವಿಜ್ಞಾನದ ಇತಿಹಾಸಕಾರ್ತಿ ಜಾಹ್ನವಿ ಫಾಲ್ಕೆ ಇದರ ಸ್ಥಾಪಕ ನಿರ್ದೇಶಕಿ. ಹೆಬ್ಬಾಳದಲ್ಲಿರುವ ಇದರ ಕಟ್ಟಡ 2024ರ ಜನವರಿಯಲ್ಲಿ ತೆರೆಯಿತು. ಅದಕ್ಕೂ ಮುನ್ನ ಸಸ್ಯಗಳನ್ನು ಕುರಿತ 'ಫೈಟೋಪಿಯಾ', 2021ರಲ್ಲಿ ಸಾಂಕ್ರಾಮಿಕತೆಯನ್ನು ಕುರಿತ 'ಕಂಟೇಜನ್' ಮುಂತಾದ ಪ್ರದರ್ಶನಗಳನ್ನು ಕೋವಿಡ್ ಕಾರಣದಿಂದ ಅಂತರಜಾಲದಲ್ಲಿ ನಡೆಸಲಾಯಿತು. ಕಲಾವಿದರ ಕೃತಿ, ಸಂಶೋಧಕರ ಉಪನ್ಯಾಸ ಮತ್ತು ಕಾರ್ಯಾಗಾರಗಳನ್ನು ಒಂದೇ ವಿಷಯದ ಸುತ್ತ ಜೋಡಿಸುವುದು ಈ ಪ್ರದರ್ಶನಗಳ ಕ್ರಮ.

ಚಳ್ಳಕೆರೆ ಮತ್ತು ಮೊಳಕಾಲ್ಮುರು ಪ್ರದೇಶದ ಹುಲ್ಲುಗಾವಲು

ಕರ್ನಾಟಕದ ಪ್ರಕೃತಿಚಿತ್ರಣದ ಹೆಚ್ಚಿನ ಪಾಲು ಪಶ್ಚಿಮ ಘಟ್ಟಕ್ಕೆ ಮೀಸಲಾಗಿದೆ. ರಾಜ್ಯದ ಅತಿ ಕಡಿಮೆ ಮಳೆ ಬೀಳುವ ಪ್ರದೇಶಗಳಲ್ಲಿ ಸೇರಿದ ಚಳ್ಳಕೆರೆ ಮತ್ತು ಮೊಳಕಾಲ್ಮುರು ತಾಲ್ಲೂಕುಗಳ ಒಣ ಹುಲ್ಲುಗಾವಲು ಅದೇ ಗಮನ ಪಡೆದಿಲ್ಲ.

ಇಲ್ಲಿನ ಕಾವಲುಗಳು ಮೈಸೂರು ಅರಸರ ಕಾಲದಿಂದ ಅಮೃತಮಹಲ್ ದನಗಳಿಗೆ ಮೀಸಲಾಗಿದ್ದ ಮೇವಿನ ನೆಲಗಳು. ಬೇಸಿಗೆ, ಮಳೆ ಮತ್ತು ಚಳಿಗಾಲಕ್ಕೆ ಬೇರೆ ಬೇರೆ ಕಾವಲುಗಳನ್ನು ಬಳಸುವ ಪದ್ಧತಿಯಿತ್ತು. ದೊಡ್ಡಉಳ್ಳಾರ್ತಿ ಮುಂತಾದ ಹಳ್ಳಿಗಳ ಜನರು ಕುರಿ, ಮೇಕೆ, ದನಗಳನ್ನು ಇಲ್ಲಿ ಮೇಯಿಸುತ್ತ ಬಂದವರು. ಚಳ್ಳಕೆರೆಯ ಕಂಬಳಿ ನೇಯ್ಗೆ ಈ ಕುರಿ ಸಾಕಣೆಯನ್ನೇ ಅವಲಂಬಿಸಿದೆ. ಮ್ಯಾಸಬೇಡ ಮತ್ತು ಕಾಡುಗೊಲ್ಲ ಸಮುದಾಯಗಳು ಸಾಕುವ ದೇವರ ಎತ್ತುಗಳನ್ನು ನೋಡಿಕೊಳ್ಳುವ ಕಿಲಾರಿಗಳಿಗೆ ಯಾವ ಹುಲ್ಲು ಯಾವಾಗ ಚಿಗುರುತ್ತದೆಂಬ ತಿಳಿವಳಿಕೆ ವೃತ್ತಿಯ ಭಾಗ.

2008ರ ನಂತರದ ವರ್ಷಗಳಲ್ಲಿ ಚಳ್ಳಕೆರೆ ತಾಲ್ಲೂಕಿನ ಕಾವಲುಗಳ ಸುಮಾರು 10,000 ಎಕರೆ ಭೂಮಿಯನ್ನು ರಕ್ಷಣಾ ಸಂಶೋಧನೆ, ಅಣುಶಕ್ತಿ, ಬಾಹ್ಯಾಕಾಶ ಮತ್ತಿತರ ಸಂಸ್ಥೆಗಳಿಗೆ ಹಂಚಲಾಯಿತು. ಭಾರತೀಯ ವಿಜ್ಞಾನ ಸಂಸ್ಥೆಗೆ ಕುದಾಪುರದಲ್ಲಿ 1,500 ಎಕರೆ ದೊರೆಯಿತು. ಅಲ್ಲಿ ಆರಂಭವಾದ ಕೇಂದ್ರವು ಶಾಲಾ ಮತ್ತು ಕಾಲೇಜು ಶಿಕ್ಷಕರಿಗೆ ವಿಜ್ಞಾನದ ತರಬೇತಿ ನೀಡುತ್ತದೆ. ಮೇವಿನ ನೆಲ ಕೈತಪ್ಪಿದ್ದನ್ನು ಹಳ್ಳಿಗರು ವಿರೋಧಿಸಿದರು. ವಿಷಯ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಮುಂದೆಯೂ ಬಂದಿತು.

ಈ ವಿವಾದಕ್ಕೂ ಚಿತ್ರಣಕ್ಕೂ ಸಂಬಂಧವಿದೆ. ಸರ್ಕಾರಿ ವರ್ಗೀಕರಣಗಳಲ್ಲಿ ಕುರುಚಲು ನೆಲವನ್ನು ಪಾಳುಭೂಮಿಯ ಪಟ್ಟಿಗೆ ಸೇರಿಸುವ ರೂಢಿಯಿದೆ. ಬೇಸಿಗೆಯಲ್ಲಿ ನೋಡಿದವರಿಗೆ ಹುಲ್ಲುಗಾವಲು ಬರಿದಾಗಿ ಕಾಣುವುದು ಸಹಜ. ಅಲ್ಲಿ ಏನಿದೆಯೆಂದು ತಿಳಿಯಲು ಹತ್ತಿರದಿಂದ ನೋಡಬೇಕು. ಹುಲ್ಲಿನ ಜಾತಿಗಳನ್ನು ಗುರುತಿಸುವುದು ತೆನೆಯ ಅತಿ ಸಣ್ಣ ಭಾಗಗಳಿಂದ. ಅವುಗಳನ್ನು ಬಿಡಿಸಿ ಹಿಗ್ಗಿಸಿ ಬರೆದ ಚಿತ್ರವಿಲ್ಲದೆ ಕಲಿಯುವುದು ಕಷ್ಟ. ದಖನ್ನಿನ ಒಣ ಹುಲ್ಲುಗಾವಲುಗಳಲ್ಲಿ ಬೆಳೆಯುವ ಹೆಟೆರೊಪೊಗಾನ್ ಕಂಟಾರ್ಟಸ್ ಎಂಬ ಹುಲ್ಲಿನ ಬೀಜಕ್ಕೆ ಉದ್ದನೆಯ ತಿರುಚಿದ ಮುಳ್ಳೆಳೆಯಿದೆ. ತೇವ ತಗಲಿದಾಗ ಅದು ಬಿಚ್ಚಿಕೊಂಡು, ಒಣಗಿದಾಗ ಮತ್ತೆ ತಿರುಚಿಕೊಂಡು ಬೀಜವನ್ನು ನೆಲದೊಳಕ್ಕೆ ಕೊರೆದು ಇಳಿಸುತ್ತದೆ. ನಡೆಯುವವರ ಬಟ್ಟೆಗೂ ಕುರಿಯ ಉಣ್ಣೆಗೂ ಚುಚ್ಚಿಕೊಳ್ಳುವುದು ಇದೇ. ಸರಣಿ ಚಿತ್ರ ಅಥವಾ ಕಾಲವನ್ನು ಕುಗ್ಗಿಸಿ ತೋರಿಸುವ ಚಿತ್ರೀಕರಣದಿಂದ ಮಾತ್ರ ಈ ಚಲನೆಯನ್ನು ಸ್ಪಷ್ಟವಾಗಿ ತೋರಿಸಬಹುದು.

ಹುಲ್ಲುಗಾವಲು ಪಾಳೆಂದೇ ಪರಿಗಣಿತವಾದರೆ ಅದನ್ನು ಅವಲಂಬಿಸಿದ ಜೀವಿಗಳಿಗೂ ಬೆಲೆಯಿರುವುದಿಲ್ಲ. ಒಣ ಬಯಲುಗಳಲ್ಲಿ ಬಾಳುವ ಎರ್ಲಡ್ಡು, ಅಂದರೆ ಗ್ರೇಟ್ ಇಂಡಿಯನ್ ಬಸ್ಟರ್ಡ್, ದೇಶದಲ್ಲಿ ಅಳಿವಿನಂಚಿಗೆ ಬಂದಿದೆ. ಕರ್ನಾಟಕದಲ್ಲಿ ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಬಳಿ ಬೆರಳೆಣಿಕೆಯಷ್ಟು ಮಾತ್ರ ಉಳಿದಿವೆ. ಒಂದು ನೆಲೆಯ ಚಿತ್ರದಾಖಲೆಯು ಅದನ್ನು ತಾನಾಗಿಯೇ ಉಳಿಸಲಾರದು. ಆದರೆ ಅಲ್ಲಿ ಏನೂ ಇಲ್ಲವೆಂಬ ಮಾತನ್ನು ಪ್ರಶ್ನಿಸಲು ಅದು ಆಧಾರವಾಗುತ್ತದೆ.

ಚರ್ಚೆಗಳು

ಈ ಕ್ಷೇತ್ರದಲ್ಲಿ ಮೂರು ಪ್ರಶ್ನೆಗಳು ಮುಖ್ಯವಾಗಿ ಚರ್ಚೆಗೆ ಬರುತ್ತವೆ.

ಕರ್ತೃತ್ವ: ಶಿವಮೊಗ್ಗದ ಚಿತ್ರಕಾರನಂತೆ ಹೆಸರಿಲ್ಲದೆ ಉಳಿದವರು ಅನೇಕರು. ಗಿಡದ ಹೆಸರು, ಗುಣ, ಸಿಗುವ ಸ್ಥಳ ತಿಳಿಸಿದ ವೈದ್ಯರು, ದನಗಾಹಿಗಳು, ಕಾಡಿನ ಜನರ ಪಾಲನ್ನೂ ದಾಖಲಿಸಬೇಕೆಂಬ ಅಭಿಪ್ರಾಯ ಬಲಗೊಂಡಿದೆ. ಇಟ್ಟಿ ಅಚ್ಯುತನ್ ಮೊದಲಾದವರ ಹೆಸರುಗಳನ್ನು 'ಹೊರ್ತುಸ್ ಮಲಬಾರಿಕುಸ್' 17ನೇ ಶತಮಾನದಲ್ಲಿಯೇ ಮುದ್ರಿಸಿದ್ದರಿಂದ, ಇದು ಆ ಕಾಲದಲ್ಲಿ ಅಸಾಧ್ಯವಾಗಿತ್ತೆಂದು ಹೇಳುವಂತಿಲ್ಲ.

ಜೀವಿಗಳ ಹಿತ: ಗೂಡಿನ ಬಳಿ ಛಾಯಾಗ್ರಹಣ ಮಾಡುವುದರಿಂದ ಹಕ್ಕಿಗಳು ಗೂಡು ತೊರೆಯಬಹುದು. ಜೈವಿಕ ಕಲೆಯಲ್ಲಿ ಮಾರ್ಪಡಿಸಿದ ಜೀವಿಗಳನ್ನು ಪ್ರಯೋಗಾಲಯದಿಂದ ಹೊರಗೆ ಬಿಡದಿರುವುದು, ನಂತರ ಸುರಕ್ಷಿತವಾಗಿ ನಾಶಪಡಿಸುವುದು ವಿಜ್ಞಾನಿಗಳಂತೆ ಕಲಾವಿದರಿಗೂ ಅನ್ವಯವಾಗುವ ನಿಯಮಗಳು.

ಸ್ವಾತಂತ್ರ್ಯ: ಕಲೆಯು ವಿಜ್ಞಾನದ ಪ್ರಚಾರ ಸಾಮಗ್ರಿಯಾಗಿ ಉಳಿಯಬಹುದೆಂಬ ಆಕ್ಷೇಪ ಒಂದು ಕಡೆ, ಕಲಾವಿದರು ವೈಜ್ಞಾನಿಕ ಪದಗಳನ್ನು ಆಳವಾದ ತಿಳಿವಳಿಕೆಯಿಲ್ಲದೆ ಬಳಸುತ್ತಾರೆಂಬ ಆಕ್ಷೇಪ ಇನ್ನೊಂದು ಕಡೆ ಇದೆ. ಕಲಾವಿದರು ಮತ್ತು ವಿಜ್ಞಾನಿಗಳು ಯೋಜನೆಯ ಆರಂಭದಿಂದಲೇ ಜೊತೆಗೂಡಿದಾಗ ಎರಡೂ ದೋಷಗಳು ಕಡಿಮೆಯಾಗುತ್ತವೆಯೆಂದು ಭಾವಿಸಲಾಗಿದೆ.

ಇವನ್ನೂ ನೋಡಿ

ಬಿ. ಜಿ. ಎಲ್. ಸ್ವಾಮಿ
ಕೆ. ಪಿ. ಪೂರ್ಣಚಂದ್ರ ತೇಜಸ್ವಿ
ಲಾಲ್‌ಬಾಗ್
ಅಮೃತಮಹಲ್
ಚಳ್ಳಕೆರೆ
ಮೊಳಕಾಲ್ಮುರು